ಹದಿನಾಲ್ಕು ದಿನಗಳ ದಿಗ್ವಿಜಯ

ಕಳೆದ ತಿಂಗಳು ನಮ್ಮ ಸಂಘದ ಕಾರ್ಯಕಾರಿ ಸಮಿತಿಯ ಮುಂದೆ ಒಂದು ಅರ್ಜಿ ಬಂದಿತು. ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಗಳಲ್ಲಿ ನೆಲೆಸಿದ ನಮ್ಮವರ ಮಕ್ಕಳು ಹನ್ನೆರಡು ಮಂದಿ, ಹತ್ತು ಹುಡುಗರು ಇಬ್ಬರು ಹುಡುಗಿಯರು, ಹನ್ನೆರಡು ಮೋಟಾರು ಸೈಕಲ್ಲುಗಳ ಮೇಲೆ ಥಾಣೆಯಿಂದ ಕನ್ಯಾಕುಮಾರಿಗೆ, ಕನ್ಯಾಕುಮಾರಿಯಿಂದ ಶ್ರೀನಗರಕ್ಕೆ, ಶ್ರೀನಗರದಿಂದ ಮರಳಿ ಥಾಣೆಗೆ ಬರುವವರಿದ್ದಾರೆ. ಹೊರಡುವುದು ಡಿಸೆಂಬರ್ ೨೦ರಂದು, ಮನೆ ಸೇರುವುದು ಜನವರಿ ೨ರಂದು. ಬ್ಯಾನರು, ಟೀ ಶರ್ಟು ಮತ್ತು ಬೀಳ್ಕೊಡುಗೆ ಸಮಾರಂಭದ ಖರ್ಚನ್ನು ಸಂಘವು ವಹಿಸಿಕೊಳ್ಳಬೇಕು, ಜೊತೆಗೆ ಒಂದು ಶಿಫಾರಸು ಪತ್ರವನ್ನೂ ಕೊಡಬೇಕು ಎಂಬುದು ಕೋರಿಕೆ.

ಸರಕಾರಿ ಕಚೇರಿಯ ಗುಮಾಸ್ತನಿಗೆ ಫೈಲು ಓದುವುದು ಬರುತ್ತದೆ ಎಂಬ ನಂಬಿಕೆ ನಮ್ಮ ಸಮಿತಿಯಲ್ಲಿ ಮೊದಲಿನಿಂದಲೂ ಇದೆ. ಹಾಗಾಗಿ ಕಾಗದಗಳು ನನ್ನ ಪಾಲಿಗೆ ಬಂದವು. ತಂಡದ ಮುಂದಾಳು, ನಮ್ಮ ಕಟ್ಟಡದಲ್ಲೇ ಬೆಳೆದ ಹುಡುಗ, ಮನೆಗೆ ಬಂದು ಚಹಾ ಕುಡಿದು, "ಕಾಕಾ, ಒಂದ್ಸಲ ಕಣ್ಣ ಹಾಯಿಸಿ ಸಹಿ ಮಾಡಿ ಕೊಟ್ಟುಬಿಡ್ರಿ" ಎಂದು ಹೋದ. ನಾನು ಕಣ್ಣು ಹಾಯಿಸಿದೆ. ಸಹಿ ಮಾಡಲಿಲ್ಲ. ಏಕೆ ಮಾಡಲಿಲ್ಲವೆಂಬುದನ್ನು ಅವನಿಗೂ ಅವನ ಗೆಳೆಯರಿಗೂ ಅವರ ತಂದೆ ತಾಯಿಗಳಿಗೂ ತಿಳಿಸುವುದಕ್ಕಾಗಿ ಸಂಪಾದಕರಲ್ಲಿ ಜಾಗ ಬೇಡಿಕೊಂಡಿದ್ದೇನೆ.

ಮೊದಲು ಸಮಿತಿಯಲ್ಲಿ ನಡೆದ ಚರ್ಚೆಯ ವಿಷಯ. ಅರ್ಜಿ ಓದಿ ಮುಗಿದ ಕೂಡಲೇ ಒಬ್ಬ ಹಿರಿಯರು ಎದ್ದು, ಹೆಣ್ಣುಮಕ್ಕಳು ಇಷ್ಟು ರಾತ್ರಿ ಮನೆಯ ಹೊರಗೆ ಕಳೆಯುವುದಕ್ಕೆ ಸಂಘವು ಒಪ್ಪಿಗೆ ಕೊಡುವುದೇ ಎಂದು ಕೇಳಿದರು. ಅದರ ಮೇಲೆ ನಲವತ್ತು ನಿಮಿಷ ಮಾತು ನಡೆಯಿತು. ಆಮೇಲೆ ಅಂಗಿಯ ಬಣ್ಣ ಬಂತು. ಹಳದಿ ಮೇಲೋ ಕೆಂಪು ಮೇಲೋ, ಹೆಸರನ್ನು ಕನ್ನಡದಲ್ಲಿ ಬೆನ್ನ ಮೇಲೆ ಬರೆಸುವುದೋ ಎದೆಯ ಮೇಲೋ, ಇಪ್ಪತ್ತು ನಿಮಿಷ. ಈ ಹುಡುಗರು ದಿನಕ್ಕೆ ಎಷ್ಟು ಕಿಲೋಮೀಟರು ಗಾಡಿ ಓಡಿಸುತ್ತಾರೆ, ಎಷ್ಟು ಗಂಟೆ ನಿದ್ದೆ ಮಾಡುತ್ತಾರೆ ಎಂದು ಒಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. ಕೇಳಿದ್ದು ಮನೆಗೆ ಬಂದು ಕಾಗದ ಬಿಚ್ಚಿದ ಮೇಲೆ.

ಲೆಕ್ಕ ಕಷ್ಟದ್ದಲ್ಲ. ಥಾಣೆಯಿಂದ ಬೆಂಗಳೂರಿನ ಮೇಲೆ ಹಾಯ್ದು ಕನ್ಯಾಕುಮಾರಿಗೆ ಸುಮಾರು ೧,೬೫೦ ಕಿ.ಮೀ. ಅಲ್ಲಿಂದ ೪೪ನೆಯ ರಾಷ್ಟ್ರೀಯ ಹೆದ್ದಾರಿ ಹಿಡಿದು ಶ್ರೀನಗರಕ್ಕೆ ಸುಮಾರು ೩,೭೦೦. ಶ್ರೀನಗರದಿಂದ ದಿಲ್ಲಿಯ ಮೇಲೆ ಥಾಣೆಗೆ ಸುಮಾರು ೨,೨೦೦. ಒಟ್ಟು ೭,೫೫೦ ಕಿ.ಮೀ. ಹದಿನಾಲ್ಕರಿಂದ ಭಾಗಿಸಿದರೆ ದಿನಕ್ಕೆ ೫೪೦. ಇದರಲ್ಲಿ ವಿಶ್ರಾಂತಿಯ ದಿನ ಒಂದೂ ಇಲ್ಲ. ಗಾಡಿ ಕೆಟ್ಟರೆ, ಒಬ್ಬನಿಗೆ ಜ್ವರ ಬಂದರೆ, ಮಳೆ ಹಿಡಿದರೆ ಎಂಬುದಕ್ಕೆ ಅರ್ಧ ದಿನವೂ ಇಲ್ಲ.

"ಹೈವೇ ಈಗ ಮೊದಲಿನ ಹಂಗಿಲ್ಲ ಕಾಕಾ, ಭಾಳ ಚಲೋ ಆಗ್ಯಾವ" ಎಂದ ಮುಂದಾಳು. ಆಗಿವೆ, ಇಲ್ಲವೆನ್ನುವುದಿಲ್ಲ. ಆದರೆ ಹನ್ನೆರಡು ಗಾಡಿಗಳ ತಂಡವು ಊರು, ಘಾಟು, ಸಿಗ್ನಲ್ಲು, ಲಾರಿಗಳ ಸಾಲು ಎಲ್ಲವನ್ನೂ ದಾಟಿ ಗಂಟೆಗೆ ಸರಾಸರಿ ೫೦ ಕಿ.ಮೀ. ಸಾಗುತ್ತದೆ ಎಂದು ಉದಾರವಾಗಿ ಹಿಡಿಯೋಣ. ೫೪೦ ಕಿ.ಮೀ.ಗೆ ಹತ್ತು ಗಂಟೆ ನಲವತ್ತೆಂಟು ನಿಮಿಷ ಬರೀ ಸೀಟಿನ ಮೇಲೆ ಕುಳಿತದ್ದೇ ಆಯಿತು. ದಿನಕ್ಕೆ ಎರಡು ಸಲ ಪೆಟ್ರೋಲು. ಒಂಟಿ ಗಾಡಿಗೆ ಐದು ನಿಮಿಷ ಸಾಕು, ಹನ್ನೆರಡಕ್ಕೆ ಅರ್ಧ ಗಂಟೆ ಬೇಕು. ನಾಷ್ಟಾ, ಊಟಕ್ಕೆ ಒಂದೂವರೆ ಗಂಟೆ. ಚಹಾ, ಮೂತ್ರ ವಿಸರ್ಜನೆ, ಬೆನ್ನು ನೀಡುವುದಕ್ಕೆಂದು ಇಪ್ಪತ್ತು ನಿಮಿಷದಂತೆ ಮೂರು ಸಲ. ಎಲ್ಲ ಕೂಡಿದರೆ ಹದಿನಾಲ್ಕು ಗಂಟೆ ದಾಟುತ್ತದೆ. ಡಿಸೆಂಬರ್ ಕೊನೆಯಲ್ಲಿ ದಿಲ್ಲಿಯ ಸುತ್ತಮುತ್ತ ಸೂರ್ಯನ ಬೆಳಕು ಇರುವುದು ಹತ್ತು ಗಂಟೆ ಇಪ್ಪತ್ತು ನಿಮಿಷದಷ್ಟು. ಅಂದರೆ ಪ್ರತಿದಿನ ಹೆಚ್ಚು ಕಡಿಮೆ ನಾಲ್ಕು ಗಂಟೆ ಕತ್ತಲಲ್ಲಿ ಓಡಿಸಬೇಕು, ಅದೂ ದಣಿದ ಮೇಲೆ, ಅದೂ ಪಾಣಿಪತ್, ಅಂಬಾಲಾಗಳ ಕಡೆ ಚಳಿಗಾಲದ ಮಂಜು ಮುಸುಕಿ ಮುಂದಿನ ಲಾರಿಯ ಹಿಂದಿನ ದೀಪವೂ ಕಾಣದ ಹೊತ್ತಿನಲ್ಲಿ. ಜಮ್ಮುವಿನಿಂದ ಶ್ರೀನಗರಕ್ಕೆ ಹೋಗುವ ರಸ್ತೆ ಹಿಮ ಬಿದ್ದರೆ, ಗುಡ್ಡ ಕುಸಿದರೆ ಮುಚ್ಚುತ್ತದೆಂಬುದನ್ನು ಬೇರೆ ಹೇಳಬೇಕಿಲ್ಲ.

ಈ ದೇಶದಲ್ಲಿ ಶ್ರೀನಗರಕ್ಕೆ ಬೈಕಿನ ಮೇಲೆ ಹೋಗಲು ಡಿಸೆಂಬರನ್ನು ಆರಿಸಿಕೊಳ್ಳುವುದು ಹೇಗೆ ಸಾಧ್ಯ ಎಂದು ಕೇಳಿದೆ. ಉತ್ತರ ಸರಳವಾಗಿತ್ತು. ಐರೋಲಿ, ಮಹಾಪೆಗಳ ಕಂಪನಿಗಳಲ್ಲಿ ಕೆಲಸ ಮಾಡುವ ಈ ಹುಡುಗರಿಗೆ ವರ್ಷದ ಕೊನೆಯ ಎರಡು ವಾರ ರಜೆ ಸಿಗುವುದು ಸುಲಭ. "ರಜಾನೇ ಅಷ್ಟ ಐತ್ರಿ ಕಾಕಾ, ಏನ್ ಮಾಡೋಣು?"

ಅಲ್ಲಿಗೆ ರೋಗ ಕೈಗೆ ಸಿಕ್ಕಿತು. ರಜೆ ಹದಿನಾಲ್ಕು ದಿನ ಎಂಬುದನ್ನು ಕಲ್ಲಿನ ಮೇಲೆ ಬರೆದಿದ್ದಾರೆ. ಕನ್ಯಾಕುಮಾರಿಯಿಂದ ಕಾಶ್ಮೀರ ಎಂಬುದನ್ನೂ ಕಲ್ಲಿನ ಮೇಲೆ ಬರೆದಿದ್ದಾರೆ, ಏಕೆಂದರೆ ಅದು ಬ್ಯಾನರಿನ ಮೇಲೆ ಚೆನ್ನಾಗಿ ಕಾಣುತ್ತದೆ. ಈ ಎರಡು ಕಲ್ಲುಗಳ ನಡುವೆ ಉಳಿದದ್ದು ನಿದ್ದೆಯೊಂದೇ. ಅದನ್ನು ಎಷ್ಟು ಬೇಕಾದರೂ ಹಿಂಡಬಹುದು ಎಂದು ತಿಳಿದಿದ್ದಾರೆ. ನಾನು ಹೇಳುವುದು ಇದಕ್ಕೆ ನೇರ ವಿರುದ್ಧ. ನಿದ್ದೆಯನ್ನು ಮೊದಲು ಬರೆಯಿರಿ. ಹಗಲಿನ ಬೆಳಕನ್ನು ಆಮೇಲೆ ಬರೆಯಿರಿ. ಹನ್ನೆರಡು ಜನರಲ್ಲಿ ಎಲ್ಲರಿಗಿಂತ ಬೇಗ ದಣಿಯುವವನು ಅಷ್ಟರಲ್ಲಿ ಎಷ್ಟು ದೂರ ಹೋಗಬಲ್ಲನೋ ಅದು ಆ ದಿನದ ದಾರಿ. ಉಳಿದ ದೇಶ ಎಲ್ಲಿಗೂ ಓಡಿಹೋಗುವುದಿಲ್ಲ, ಮುಂದಿನ ವರ್ಷವೂ ಇರುತ್ತದೆ.

ನಾವು ಲೋಕಲ್ ಗಾಡಿಯ ಜನ. ಡೊಂಬಿವಲಿಯ ಪ್ಲಾಟ್‌ಫಾರ್ಮಿನಲ್ಲಿ ನಿಂತು ಬೆಳೆದ ಮಕ್ಕಳಿಗೆ ನಿಮಿಷದ ಲೆಕ್ಕ ತಾಯಿಯ ಹಾಲಿನೊಂದಿಗೆ ಬಂದಿದೆ. ೭-೪೦ ತಪ್ಪಿದರೆ ೭-೪೪, ಅದೂ ತಪ್ಪಿದರೆ ಸಾಹೇಬರ ಮುಖ. ಹೀಗೆ ಬೆಳೆದವರು ರಸ್ತೆಗೆ ಇಳಿದಾಗಲೂ ವೇಳಾಪಟ್ಟಿಯನ್ನು ರೈಲಿನದ್ದರಂತೆಯೇ ಬರೆಯುತ್ತಾರೆ. ಅರ್ಜಿಯ ಜೊತೆಗಿದ್ದ ತಖ್ತೆಯಲ್ಲಿ "ಬೆಳಿಗ್ಗೆ ೧೧-೨೦: ಕೊಲ್ಹಾಪುರ" ಎಂದಿದೆ! ರೈಲಿಗೆ ಹಳಿ ಇದೆ, ಸಿಗ್ನಲ್ ಇದೆ, ಓಡಿಸುವವನಿಗೆ ಕೆಲಸದ ಅವಧಿಯ ಮಿತಿ ಇದೆ. ಬೈಕಿನವನಿಗೆ ಎರಡು ಚಕ್ರ, ಎರಡು ಕಣ್ಣು.

ಬಿ.ಎಸ್‌ಸಿ.ಯಲ್ಲಿ ಓದಿದ ಭೌತಶಾಸ್ತ್ರ ಕಚೇರಿಯಲ್ಲಿ ಎಂದೂ ಉಪಯೋಗಕ್ಕೆ ಬಂದಿಲ್ಲ, ಇಲ್ಲಿಯಾದರೂ ಬರಲಿ. ಗಂಟೆಗೆ ೮೦ ಕಿ.ಮೀ. ಎಂದರೆ ಸೆಕೆಂಡಿಗೆ ೨೨ ಮೀಟರು. ಕಣ್ಣು ಕಂಡದ್ದು ಕೈಗೆ ಮುಟ್ಟಿ ಬ್ರೇಕು ಹಿಡಿಯುವಷ್ಟರಲ್ಲಿ ಸುಮಾರು ಒಂದು ಸೆಕೆಂಡು, ಅಂದರೆ ೨೨ ಮೀಟರು ಸುಮ್ಮನೆ ಹೋಯಿತು. ಆಮೇಲೆ ಒಣ ರಸ್ತೆಯಲ್ಲಿ ಒಳ್ಳೆಯ ಬ್ರೇಕಿಗೂ ಸುಮಾರು ೪೦ ಮೀಟರು ಬೇಕು. ಒಟ್ಟು ೬೨. ವೇಗ ೧೦೦ ಆದರೆ ಇದೇ ಲೆಕ್ಕ ೯೦ ಮೀಟರು ದಾಟುತ್ತದೆ. ವೇಗ ಕಾಲು ಪಾಲು ಹೆಚ್ಚಿದರೆ ನಿಲ್ಲುವ ದೂರ ಅರ್ಧ ಪಾಲು ಹೆಚ್ಚುತ್ತದೆ ಎಂಬುದನ್ನು ಮುಂದಾಳು ಗಮನಿಸಬೇಕು.

ಇನ್ನು ತಂಡದಲ್ಲಿ ಹೋಗುವುದಕ್ಕೆ ಅದರದೇ ಒಂದು ಗಣಿತವಿದೆ. ೮೦ರ ವೇಗದಲ್ಲಿ ಒಬ್ಬರಿಗೊಬ್ಬರು ಎರಡು ಸೆಕೆಂಡಿನ ಅಂತರ ಬಿಟ್ಟರೆ ಹನ್ನೆರಡು ಗಾಡಿಗಳ ಸಾಲು ಹತ್ತಿರ ಹತ್ತಿರ ಅರ್ಧ ಕಿಲೋಮೀಟರು ಉದ್ದವಾಗುತ್ತದೆ. ಒಂದು ಸಿಗ್ನಲ್ಲಿನಲ್ಲಿ, ಒಂದು ಲಾರಿಯ ಹಿಂದೆ, ಸಾಲು ಹರಿಯಲೇಬೇಕು. ಹರಿದಾಗ ಮುಂದಿನವನು ೮೦ರಲ್ಲೇ ಹೋಗುತ್ತಿರುತ್ತಾನೆ, ಹಿಂದೆ ಉಳಿದವನು ಗಾಬರಿಯಿಂದ ೧೦೦ಕ್ಕೆ ಏರಿಸುತ್ತಾನೆ. ಐದು ನಿಮಿಷ ಹಿಂದೆ ಬಿದ್ದವನು ಹಾಗೆ ಹಿಡಿಯಬೇಕಾದರೆ ಇಪ್ಪತ್ತು ನಿಮಿಷ ೧೦೦ರಲ್ಲಿ ಓಡಿಸಬೇಕು. ತಂಡದಲ್ಲಿ ಅತ್ಯಂತ ವೇಗವಾಗಿ ಹೋಗುವವನು ಮುಂದಾಳಲ್ಲ, ಬಾಲದಲ್ಲಿರುವವನು. ಅಲ್ಲಿರುವವನು ಸಾಮಾನ್ಯವಾಗಿ ಎಲ್ಲರಿಗಿಂತ ಹೊಸಬ, ಎಲ್ಲರಿಗಿಂತ ಚಿಕ್ಕ ಗಾಡಿಯವನು. ಇದಕ್ಕೆ ಮದ್ದೂ ಇದೆ, ಅದೇನು ಗುಟ್ಟಿನದಲ್ಲ. ಹೊಸಬರನ್ನು ಮುಂದಾಳಿನ ಬೆನ್ನಿಗೇ ಇಡುವುದು, ಅನುಭವಸ್ಥನೊಬ್ಬನನ್ನು ಕೊನೆಯಲ್ಲಿ ಇಡುವುದು, ಹನ್ನೆರಡನ್ನು ನಾಲ್ಕರಂತೆ ಮೂರು ತಂಡ ಮಾಡುವುದು, ಪ್ರತಿ ದೊಡ್ಡ ತಿರುವಿನ ಆಚೆ ಮುಂದಾಳು ಬದಿಗೆ ನಿಂತು ಕಾಯುತ್ತಾನೆ ಎಂದು ಮೊದಲೇ ಮಾತು ಕೊಟ್ಟಿರುವುದು. ಕಾಯುತ್ತಾರೆಂಬ ಭರವಸೆ ಇದ್ದವನು ಬೆನ್ನಟ್ಟುವುದಿಲ್ಲ. ಆದರೆ ಕಾಯುವುದಕ್ಕೆ ಹೊತ್ತು ಬೇಕು, ೧೧-೨೦ಕ್ಕೆ ಕೊಲ್ಹಾಪುರ ಮುಟ್ಟಬೇಕಾದವನ ಹತ್ತಿರ ಹೊತ್ತು ಎಲ್ಲಿದೆ?

ಕೇಂದ್ರ ಸರಕಾರವೇ ಪ್ರಕಟಿಸಿದ ಅಂಕಿಗಳಂತೆ ೨೦೨೨ರಲ್ಲಿ ಈ ದೇಶದ ರಸ್ತೆಗಳಲ್ಲಿ ಸತ್ತವರು ೧,೬೮,೪೯೧ ಜನ. ಅವರಲ್ಲಿ ೭೪,೮೯೭ ಮಂದಿ ದ್ವಿಚಕ್ರ ವಾಹನದ ಮೇಲಿದ್ದವರು, ಅಂದರೆ ದಿನಕ್ಕೆ ಇನ್ನೂರಕ್ಕೂ ಹೆಚ್ಚು. ಅಂಕಿಗಳನ್ನು ಓದಿ ಯಾರೂ ಹೆದರುವುದಿಲ್ಲವೆಂದು ನನಗೆ ಗೊತ್ತು. ಆದ್ದರಿಂದ ಇಪ್ಪತ್ತು ವರ್ಷದಿಂದ ಯಾರಿಗೂ ಹೇಳದ ಒಂದು ಮಾತನ್ನು ಇಲ್ಲಿ ಹೇಳುತ್ತೇನೆ.

೨೦೦೫ರಲ್ಲಿ ನನಗೆ ಇಪ್ಪತ್ತನಾಲ್ಕು ವರ್ಷ, ನೌಕರಿ ಹೊಸದು. ಒಬ್ಬ ಗೆಳೆಯನ ಜೊತೆ ಡೊಂಬಿವಲಿಯಿಂದ ಹುಬ್ಬಳ್ಳಿಗೆ ಮದುವೆಗೆ ಹೊರಟೆ. ನೂರು ಸಿ.ಸಿ.ಯ ಗಾಡಿ, ಶುಕ್ರವಾರ ಕಚೇರಿ ಮುಗಿಸಿ ರಾತ್ರಿ ಹತ್ತಕ್ಕೆ ಹೊರಟೆವು. ಶನಿವಾರ ಮಧ್ಯಾಹ್ನದ ಮುಹೂರ್ತ, ಸೋಮವಾರ ಮತ್ತೆ ಕಚೇರಿ. ವರ್ಷಕ್ಕೆ ಎಂಟು ಸಿ.ಎಲ್. ಅದರಲ್ಲಿ ಒಂದನ್ನು ಉಳಿಸುವ ಜಾಣತನ. ಕರಾಡ ದಾಟಿದ ಮೇಲೆ, ನಸುಕಿನ ನಾಲ್ಕರ ಸುಮಾರಿಗೆ, ನಾನು ಓಡಿಸುತ್ತಿದ್ದೆ, ಗೆಳೆಯ ಹಿಂದೆ ಕೂತಿದ್ದ. ನಾನು ನಿದ್ದೆ ಹೋದೆ. ತೂಕಡಿಸಿದ್ದಲ್ಲ, ನಿದ್ದೆಯೇ ಹೋದೆ. ಎಚ್ಚರವಾದದ್ದು ಚಕ್ರದ ಕೆಳಗೆ ಜಲ್ಲಿಕಲ್ಲಿನ ಸದ್ದು ಕೇಳಿ. ಅಷ್ಟರಲ್ಲಿ ಗಾಡಿ ರಸ್ತೆ ಬಿಟ್ಟು ತಗ್ಗಿಗೆ ಇಳಿದಿತ್ತು. ನನಗೆ ಮೊಣಕೈ ತರಚಿತು. ಗೆಳೆಯನ ಭುಜದ ಎಲುಬು ಎರಡು ಕಡೆ ಮುರಿದಿತ್ತು. ಒಂದು ಹಾಲಿನ ಟೆಂಪೋದವನು ನಮ್ಮನ್ನು ಎತ್ತಿ ಕರಾಡಕ್ಕೆ ಮುಟ್ಟಿಸಿದ.

ನಾಯಿ ಅಡ್ಡ ಬಂತು ಎಂದು ಎಲ್ಲರಿಗೂ ಹೇಳಿದೆ. ಗೆಳೆಯನಿಗೆ ಹೇಳಿದೆ, ಅವನ ತಾಯಿಗೆ ಹೇಳಿದೆ, ನನ್ನ ತಂದೆಗೆ ಹೇಳಿದೆ. ನಾಯಿ ಇರಲಿಲ್ಲ. ಗೆಳೆಯನ ಆ ಕೈ ಇಂದಿಗೂ ತಲೆಯ ಮೇಲಕ್ಕೆ ಪೂರ್ತಿ ಏಳುವುದಿಲ್ಲ, ಲೋಕಲ್ ಗಾಡಿಯಲ್ಲಿ ಹಿಡಿಕೆ ಹಿಡಿಯಬೇಕಾದರೆ ಎಡಗೈಯನ್ನೇ ಚಾಚುತ್ತಾನೆ. ಅವನ ತಾಯಿ ಈ ಮಾಸಿಕವನ್ನು ತಪ್ಪದೆ ಓದುತ್ತಾರೆ. ಅಮ್ಮಾ, ನಾಯಿ ಇರಲಿಲ್ಲ. ನಾನೇ ಮಲಗಿದ್ದೆ. ನಿಮ್ಮ ಮನೆಗೆ ಬಂದು ಎದುರಿಗೇ ಹೇಳಬೇಕಾಗಿತ್ತು, ಧೈರ್ಯ ಬರಲಿಲ್ಲ. ಗೆಳೆಯನಿಗೆ ಮಾತ್ರ ಈ ಲೇಖನ ಅಚ್ಚಿಗೆ ಹೋಗುವ ಮುನ್ನ ಹೇಳಿದ್ದೇನೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಗೊತ್ತಿತ್ತಲೇ, ನಿನ್ನ ತಲೀ ಎರಡು ಸಲ ವಾಲಿದ್ದು ನಾ ನೋಡಿದ್ದೆ. ನಿಲ್ಲಿಸು ಅನ್ನಾಕ ನಾಚಿಕೆ ಆತು" ಎಂದ.

ಈ ಮಾತನ್ನು ಹುಡುಗರು ಎರಡು ಸಲ ಓದಬೇಕೆಂದು ನನ್ನ ಬೇಡಿಕೆ. ನಿಲ್ಲಿಸು ಎನ್ನಲು ನಾಚಿಕೆಯಾಯಿತು. ಇಬ್ಬರೇ ಇದ್ದಾಗ ಹೀಗಾದರೆ, ಹನ್ನೊಂದು ಜನರನ್ನು ತನ್ನೊಬ್ಬನಿಗಾಗಿ ನಿಲ್ಲಿಸಿರೆಂದು ಯಾವ ಇಪ್ಪತ್ತೈದರ ಹುಡುಗ ಬಾಯಿ ಬಿಟ್ಟಾನು? ಬೆನ್ನ ಮೇಲೆ ಸಂಘದ ಹೆಸರು, ಮುಂದೆ ಡ್ರೋನ್ ಕ್ಯಾಮೆರಾ, ಪ್ರತಿ ಸಂಜೆ ಇಷ್ಟು ಕಿಲೋಮೀಟರು ಮುಗಿಯಿತೆಂದು ಊರಿಗೆಲ್ಲ ಫೋಟೋ. ನಮ್ಮ ಚಪ್ಪಾಳೆಯೇ ಅವರ ಬಾಯಿಗೆ ಬೀಗ. ಸಂಘವು ಬ್ಯಾನರಿಗೆ ದುಡ್ಡು ಕೊಡಬಾರದು ಎಂದು ನಾನು ಹೇಳುವುದು ಜಿಪುಣತನದಿಂದಲ್ಲ.

ಖರ್ಚಿನ ಪಟ್ಟಿಯನ್ನು ಮೂರು ಸಲ ಓದಿದೆ. ಅಂಗಿ ಇದೆ, ಧ್ವಜದ ಕೋಲು ಇದೆ, ಡ್ರೋನಿನ ಬಾಡಿಗೆ ಇದೆ, ಹಾರ ಪೇಟಗಳಿವೆ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇಲ್ಲ. ಹೆಚ್ಚುವರಿ ಕ್ಲಚ್ ವೈರು, ಟ್ಯೂಬು, ಪಂಕ್ಚರ್ ಸಾಮಾನು ಇಲ್ಲ. ಯಾರ ರಕ್ತದ ಗುಂಪು ಯಾವುದು, ಮನೆಯವರ ದೂರವಾಣಿ ಯಾವುದು ಎಂಬ ಒಂದು ಚೀಟಿಯೂ ಇಲ್ಲ. ಹನ್ನೆರಡರಲ್ಲಿ ಮೂವರು ಅಣ್ಣನದೋ ಮಾವನದೋ ಗಾಡಿ ತರುವವರು. ವಿಮೆಯ ಕಾಗದದಲ್ಲಿ ೧೫ ಲಕ್ಷ ರೂಪಾಯಿಯ ಕಡ್ಡಾಯ ಅಪಘಾತ ರಕ್ಷಣೆ ಎಂದು ಬರೆದಿರುವುದು ಗಾಡಿಯ ಮಾಲಿಕನೇ ಓಡಿಸುತ್ತಿರುವಾಗ ಅವನಿಗೆ, ಬೇಡಿ ತಂದವನಿಗಲ್ಲ, ಎಂಬುದು ಅವರಲ್ಲಿ ಒಬ್ಬನಿಗೂ ತಿಳಿದಿರಲಿಲ್ಲ. ಅಪಘಾತದಲ್ಲಿ ಗಾಯಗೊಂಡವರಿಗೆ ಏಳು ದಿನದವರೆಗೆ ಒಂದೂವರೆ ಲಕ್ಷ ರೂಪಾಯಿಯ ತನಕ ನಗದು ಕೊಡದೆ ಚಿಕಿತ್ಸೆ ದೊರೆಯುವ ಕೇಂದ್ರದ ಯೋಜನೆ ೨೦೨೫ರ ಮೇ ತಿಂಗಳಲ್ಲಿ ಜಾರಿಗೆ ಬಂದಿದೆ, ಒಳ್ಳೆಯದೇ. ಅದು ಬಿದ್ದ ಮೇಲಿನ ಮಾತು.

ಇನ್ನು ಹೊರಡುವ ಜಾಗ. ಥಾಣೆಯ ತಲಾವ್ ಪಾಳಿಯಲ್ಲಿ ಬೆಳಗಿನ ನಾಲ್ಕು ಗಂಟೆಗೆ ಸಮಾರಂಭ, ಗಣ್ಯರಿಂದ ಹಸಿರು ನಿಶಾನೆ. ಹನ್ನೆರಡರಲ್ಲಿ ಏಳು ಮಂದಿ ಕಲ್ಯಾಣ್ ಡೊಂಬಿವಲಿಯವರು, ಮೂವರು ನವಿಮುಂಬಯಿಯವರು. ಎಲ್ಲರೂ ಹೋಗಬೇಕಾದದ್ದು ದಕ್ಷಿಣಕ್ಕೆ. ಕಲ್ಯಾಣಿನವರಿಗೆ ಶೀಲ್ ರಸ್ತೆ, ಥಾಣೆಯವರಿಗೆ ಮುಂಬ್ರಾ ಬೈಪಾಸು, ನವಿಮುಂಬಯಿಯವರಿಗೆ ಮಹಾಪೆಯ ದಾರಿ. ಎಲ್ಲವೂ ಕೂಡುವುದು ಶೀಲ್‌ಫಾಟಾದಲ್ಲಿ, ಅಲ್ಲಿಂದ ಕಳಂಬೋಲಿ, ಪನ್ವೇಲ್. ಇದು ನಮ್ಮ ಕಡೆಯ ಸಣ್ಣ ಹುಡುಗನಿಗೂ ಗೊತ್ತು. ಆದರೂ ಹತ್ತು ಜನ ಎರಡೂವರೆಗೆ ಎದ್ದು ವಿರುದ್ಧ ದಿಕ್ಕಿಗೆ ಥಾಣೆಗೆ ಹೋಗಿ, ಹಾರ ಹಾಕಿಸಿಕೊಂಡು, ಬಂದ ದಾರಿಯಲ್ಲೇ ಮತ್ತೆ ಶೀಲ್‌ಫಾಟಾಕ್ಕೆ ಬರಬೇಕು. ಏಕೆಂದರೆ ಗಣ್ಯರಿಗೆ ಥಾಣೆ ಅನುಕೂಲ. ಮೊದಲನೆಯ ದಿನದ ನಿದ್ದೆಯನ್ನು ನಾವೇ, ಹಿರಿಯರೇ, ಸಮಾರಂಭಕ್ಕೆ ಬಲಿ ಕೊಡುತ್ತಿದ್ದೇವೆ.

ತಖ್ತೆ ಬರೆದವನು ದೂರವನ್ನು ಮೊಬೈಲಿನಲ್ಲಿ ಕಾರಿನ ದಾರಿಯಾಗಿ ನೋಡಿ ಬರೆದಿದ್ದಾನೆಂಬುದೂ ಗೊತ್ತಾಗುತ್ತದೆ. ಮುಂಬಯಿ–ಪುಣೆ ದ್ರುತಗತಿ ಮಾರ್ಗದಲ್ಲಿ ಬೈಕಿಗೆ ಪ್ರವೇಶವಿಲ್ಲ, ಖೋಪೋಲಿಯ ಮೇಲೆ ಹಳೆಯ ಘಾಟಿನ ರಸ್ತೆಯಲ್ಲೇ ಹೋಗಬೇಕು. ಮರಳಿ ಬರುವಾಗ ಯಾರಾದರೂ ಸಮೃದ್ಧಿ ಮಹಾಮಾರ್ಗ ಎಂದುಕೊಂಡಿದ್ದರೆ ಅಲ್ಲಿಯೂ ಇಲ್ಲ, ೨೦೨೪ರ ಜನವರಿಯಲ್ಲಿ ತೆರೆದ ಅಟಲ್ ಸೇತುವಿನ ಮೇಲೂ ಇಲ್ಲ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ೨೦೨೩ರ ಆಗಸ್ಟಿನಿಂದ ನಿಷೇಧವಿದೆ. ಬಡವರ ವಾಹನಕ್ಕೆ ಒಳ್ಳೆಯ ರಸ್ತೆಗಳೆಲ್ಲ ಮುಚ್ಚುತ್ತಿವೆಯಲ್ಲ ಎಂಬ ಸಿಟ್ಟು ನನಗೂ ಇದೆ, ಅದನ್ನು ಇನ್ನೊಂದು ಸಲ ಬರೆಯುತ್ತೇನೆ.

ಇಷ್ಟು ಓದಿದ ತಂದೆ ತಾಯಿಗಳು "ಹಾಗಾದರೆ ಬೇಡವೇ ಬೇಡ, ಮನೆಯಲ್ಲಿ ಕೂಡ್ರಿ" ಎನ್ನಬಹುದು. ಅವರೊಂದಿಗೂ ನನ್ನ ಜಗಳವಿದೆ. ನಮ್ಮ ತಂದೆ ಅಂಬರನಾಥದ ಕಾರ್ಖಾನೆಯ ನೌಕರರು. ಮೈಸೂರಿನಲ್ಲಿ ತಯಾರಾದ ಯೆಜ್ಡಿ ಗಾಡಿ ಅವರದು, ಕನ್ನಡ ನಾಡಿನ ಗಾಡಿ ಎಂಬ ಹೆಮ್ಮೆ ಬೇರೆ. ಪ್ರತಿ ದೀಪಾವಳಿಗೆ ತಾಯಿಯನ್ನು ಹಿಂದೆ ಕೂರಿಸಿಕೊಂಡು ಹುಬ್ಬಳ್ಳಿಗೆ ಹೋಗುತ್ತಿದ್ದರು. ಸುಮಾರು ೫೫೦ ಕಿ.ಮೀ. ದಾರಿಗೆ ಅವರು ತೆಗೆದುಕೊಳ್ಳುತ್ತಿದ್ದುದು ಎರಡು ದಿನ. ಕರಾಡದಲ್ಲಿ ಸಂಜೆ ಐದಕ್ಕೆ ಗಾಡಿ ನಿಲ್ಲಿಸಿದರೆ ಮರುದಿನ ಬಿಸಿಲು ಬಿದ್ದ ಮೇಲೆಯೇ ಕಿಕ್ ಹೊಡೆಯುವುದು. ಇನ್ನೂ ಬೆಳಕಿದೆಯಲ್ಲ, ಕೊಲ್ಹಾಪುರದವರೆಗೆ ಹೋಗೋಣ ಎಂದು ತಾಯಿ ಹೇಳಿದರೆ, "ಬೆಳಕ ಇರೂದು ಮಲಗಾಕ ಜಾಗಾ ಹುಡುಕಾಕ" ಎನ್ನುತ್ತಿದ್ದರಂತೆ. ಆ ಮನುಷ್ಯನ ಮಗ ನಾನು, ಅದೇ ಕರಾಡದಲ್ಲಿ ಬಿದ್ದೆ. ತಂದೆಗೆ ದಾರಿಯೆಂದರೆ ಭಯವಿರಲಿಲ್ಲ, ಮರ್ಯಾದೆಯಿತ್ತು. ನಮ್ಮ ಮಕ್ಕಳಿಗೆ ದಾರಿಯನ್ನೇ ಕೊಡದೆ ಆ ಮರ್ಯಾದೆಯನ್ನು ಕಲಿಸುವುದು ಹೇಗೆ?

ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ, ಅರ್ಜಿಯ ಜೊತೆಗಿದ್ದ ಕಾಗದಗಳಲ್ಲಿ ಸ್ವಂತ ಹೆಸರಿನ ವಿಮೆ, ಲೈಸೆನ್ಸು, ರಕ್ತದ ಗುಂಪು ಮೂರನ್ನೂ ಲಗತ್ತಿಸಿದ್ದವರು ಆ ಇಬ್ಬರೇ. ಅವರನ್ನು ಬಿಡಬೇಕೆಂದು ನಲವತ್ತು ನಿಮಿಷ ವಾದಿಸಿದ ಹಿರಿಯರು ಉಳಿದ ಹತ್ತು ಜನರ ಕಾಗದಗಳನ್ನು ನೋಡಬೇಕು.

ದೂರ ಹೋಗುವುದರ ಬಗ್ಗೆ ನಮ್ಮ ಮುಂಬಯಿಗೆ ಹಳೆಯ ಕೀರ್ತಿಯೇ ಇದೆ. ೧೯೨೩ರ ಅಕ್ಟೋಬರಿನಲ್ಲಿ ಆರು ಜನ ಪಾರ್ಸಿ ತರುಣರು ಇಲ್ಲಿಂದ ಸೈಕಲ್ಲಿನ ಮೇಲೆ ಭೂಪ್ರದಕ್ಷಿಣೆಗೆ ಹೊರಟರು. ೧೯೨೮ರ ಮಾರ್ಚಿನಲ್ಲಿ ಸುತ್ತು ಮುಗಿಸಿ ಬಂದವರು ಆದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಮ್ ಭೂಮಗರಾ ಮೂವರು. ಉಳಿದ ಮೂವರು ನಡುವೆಯೇ ಬಿಟ್ಟರು. ನಡುವೆ ಬಿಡುವುದಕ್ಕೂ ಆ ಯಾತ್ರೆಯಲ್ಲಿ ಸ್ಥಳವಿತ್ತು ಎಂಬುದು ನನಗೆ ಮುಖ್ಯ. ನಮ್ಮ ಹುಡುಗರ ತಖ್ತೆಯಲ್ಲಿ ಒಬ್ಬನು ನಾಗಪುರದಲ್ಲಿ ಸಾಕೆಂದರೆ ಅವನನ್ನು ರೈಲು ಹತ್ತಿಸಿ ಗಾಡಿಯನ್ನು ಪಾರ್ಸೆಲ್ ಮಾಡುವವರಾರು, ಅದಕ್ಕೆ ಹಣವೆಷ್ಟು ಎಂಬುದಿಲ್ಲ.

ಇತ್ತೀಚಿನದು ಬೇಕೆಂದರೆ ಮೈಸೂರಿನ ಡಿ. ಕೃಷ್ಣಕುಮಾರ್ ಇದ್ದಾರೆ. ಅವರ ತಾಯಿ ಚೂಡಾರತ್ನಮ್ಮನವರು ಸಂಸಾರದ ಕೆಲಸದಲ್ಲೇ ವರ್ಷಗಳನ್ನು ಕಳೆದು, ಹತ್ತಿರದ ಬೇಲೂರನ್ನೂ ಕಂಡಿರಲಿಲ್ಲ. ಮಗ ಕೆಲಸ ಬಿಟ್ಟು, ೨೦೧೮ರ ಜನವರಿ ೧೬ರಂದು, ತಂದೆ ಕೊಡಿಸಿದ ಹಳೆಯ ಬಜಾಜ್ ಚೇತಕ್ ಸ್ಕೂಟರಿನ ಹಿಂದೆ ತಾಯಿಯನ್ನು ಕೂರಿಸಿಕೊಂಡು ಹೊರಟರು. ದೇಶವನ್ನೆಲ್ಲ ಸುತ್ತಿ, ನೇಪಾಳ ಭೂತಾನ್‌ಗಳನ್ನೂ ನೋಡಿ, ೨೦೨೦ರ ಸೆಪ್ಟೆಂಬರಿನಲ್ಲಿ ಮೈಸೂರಿಗೆ ಮರಳುವಾಗ ೫೬ ಸಾವಿರ ಕಿ.ಮೀ. ಮೀರಿತ್ತು. ಭಾಗಿಸಿ ನೋಡಿ. ದಿನಕ್ಕೆ ಅರವತ್ತು ಕಿಲೋಮೀಟರೂ ಬೀಳುವುದಿಲ್ಲ. ಅಷ್ಟು ದಿನ ರಜೆ ಯಾರಿಗೂ ಸಿಗುವುದಿಲ್ಲ, ಒಪ್ಪಿದೆ. ನಮ್ಮ ಹುಡುಗರ ತಖ್ತೆಯಂತೆ ಇಡೀ ಕರ್ನಾಟಕ ಒಂದು ದಿನದಲ್ಲಿ ದಾಟಿ ಹೋಗುತ್ತದೆ. ಬೆಳಗಾವಿ ಬೈಪಾಸು, ಧಾರವಾಡ ಬೈಪಾಸು, ದಾವಣಗೆರೆ ಬೈಪಾಸು. ಡೊಂಬಿವಲಿಯಲ್ಲಿ ಹುಟ್ಟಿ ಅಜ್ಜನ ಊರನ್ನು ಮದುವೆ ಮನೆಯಲ್ಲಿ ಮಾತ್ರ ಕಂಡ ಈ ಮಕ್ಕಳು, ಬೆನ್ನ ಮೇಲೆ ಕನ್ನಡ ಬರೆಸಿಕೊಂಡು ಅಜ್ಜನ ಊರಿನ 'ಎಕ್ಸಿಟ್' ಫಲಕವನ್ನು ೯೦ರ ವೇಗದಲ್ಲಿ ಓದಿಕೊಂಡು ಹೋಗುತ್ತಾರೆ.

ನನ್ನ ಸಲಹೆ ಹೀಗಿದೆ. ಹದಿನಾಲ್ಕು ದಿನ ಅಷ್ಟೇ ಇರಲಿ, ಡಿಸೆಂಬರೂ ಇರಲಿ. ಕಾಶ್ಮೀರವನ್ನು ಇನ್ನೊಂದು ವರ್ಷದ ಜೂನಿಗೋ ಸೆಪ್ಟೆಂಬರಿಗೋ ಬಿಡಿ. ಅದೃಷ್ಟಕ್ಕೆ, ಕನ್ಯಾಕುಮಾರಿಗೆ ಹೋಗುವ ೬೬ನೆಯ ರಾಷ್ಟ್ರೀಯ ಹೆದ್ದಾರಿ ಹುಟ್ಟುವುದೇ ನಮ್ಮ ಮಗ್ಗುಲಿನ ಪನ್ವೇಲಿನಲ್ಲಿ. ಅದೇ ಒಂದು ರಸ್ತೆ ಕಾರವಾರ, ಉಡುಪಿ, ಮಂಗಳೂರು, ಕಾಸರಗೋಡುಗಳ ಮೇಲೆ ಹಾಯ್ದು ಕನ್ಯಾಕುಮಾರಿಯಲ್ಲೇ ಮುಗಿಯುತ್ತದೆ, ಸುಮಾರು ೧,೬೦೦ ಕಿ.ಮೀ. ಕೊಂಕಣದಲ್ಲಿ ಕೆಲವೆಡೆ ರಸ್ತೆಯ ಸ್ಥಿತಿ ವಿಚಾರಿಸಿಕೊಂಡು ಹೋಗಬೇಕು, ಅದಕ್ಕೂ ಹೊತ್ತಿರುತ್ತದೆ. ಹೋಗುವಾಗ ಕಡಲ ದಾರಿ, ಬರುವಾಗ ಮೈಸೂರು, ಹಾಸನ, ಹುಬ್ಬಳ್ಳಿಯ ಒಳನಾಡಿನ ದಾರಿ. ಹೋಗಿ ಬರುವುದು ಸೇರಿ ಸುಮಾರು ೩,೩೦೦ ಕಿ.ಮೀ. ಎರಡು ದಿನ ಪೂರ್ತಿ ವಿಶ್ರಾಂತಿಗೆ ಬಿಟ್ಟು ಹನ್ನೆರಡರಿಂದ ಭಾಗಿಸಿದರೆ ದಿನಕ್ಕೆ ೨೭೫. ಬೆಳಿಗ್ಗೆ ಏಳಕ್ಕೆ ಹೊರಟರೆ ನಾಲ್ಕಕ್ಕೆ ಊರು ಸೇರಬಹುದು. ನಮ್ಮ ಸಂಘದ ಸದಸ್ಯರಲ್ಲಿ ಕುಮಟೆಯವರಿದ್ದಾರೆ, ಉಡುಪಿಯವರಿದ್ದಾರೆ, ಕಾಸರಗೋಡಿನವರಿದ್ದಾರೆ, ಹಾಸನದವರಿದ್ದಾರೆ. ಅಣ್ಣನ ಮನೆಯೋ ಅತ್ತೆಯ ಮನೆಯೋ ಇದ್ದೇ ಇರುತ್ತದೆ. ಹನ್ನೆರಡು ಜನಕ್ಕೆ ಅಂಗಳದಲ್ಲಿ ಚಾಪೆ ಹಾಸಿ, ಗಂಜಿ ಊಟ ಹಾಕಲು ಅವರಲ್ಲಿ ಯಾರೂ ಹಿಂಜರಿಯುವವರಲ್ಲ. ಬ್ಯಾನರಿನ ಹಣವನ್ನು ಪ್ರಥಮ ಚಿಕಿತ್ಸೆಯ ಪೆಟ್ಟಿಗೆಗೂ, ಹನ್ನೆರಡು ಜನರ ವೈಯಕ್ತಿಕ ಅಪಘಾತ ವಿಮೆಗೂ ಹಾಕೋಣ. ಬೀಳ್ಕೊಡುಗೆ ಬೇಕೇ ಬೇಕೆಂದರೆ ಹಿಂದಿನ ದಿನ ಸಂಜೆ ಡೊಂಬಿವಲಿಯಲ್ಲಿ ಮಾಡಿ ಒಂಬತ್ತಕ್ಕೆ ಮಕ್ಕಳನ್ನು ಮಲಗಲು ಕಳಿಸೋಣ.

ಇದನ್ನೆಲ್ಲ ಮುಂದಾಳಿನ ಮುಂದೆ ಇಟ್ಟಾಗ ಅವನ ಮುಖ ಸಣ್ಣದಾಯಿತು. "೨೭೫ ಅಂದ್ರ ಎಲ್ಲಾರೂ ನಗತಾರ ಕಾಕಾ" ಎಂದ. ನಗಲಿ. ನಾನು ಇನ್ನೊಂದು ಕಾಗದ ಅವನ ಕೈಗೆ ಕೊಟ್ಟೆ. ಅದರಲ್ಲಿ ಹನ್ನೆರಡು ಸಾಲುಗಳಿವೆ. ಪ್ರತಿ ಸಾಲಿನಲ್ಲಿ ಒಬ್ಬೊಬ್ಬರು ಸ್ವಂತ ಕೈಯಿಂದ ಎರಡು ವಿಷಯ ಬರೆಯಬೇಕು: ನಾನು ಒಂದೇ ದಿನದಲ್ಲಿ ಇದುವರೆಗೆ ಅತಿ ಹೆಚ್ಚೆಂದರೆ ಎಷ್ಟು ಕಿಲೋಮೀಟರು ಓಡಿಸಿದ್ದೇನೆ, ಮತ್ತು ಮರುದಿನ ಬೆಳಿಗ್ಗೆ ಹೇಗಿತ್ತು. ಒಬ್ಬರದನ್ನು ಇನ್ನೊಬ್ಬರಿಗೆ ತೋರಿಸದೆ, ಮಡಚಿ ನನಗೆ ಕೊಡಬೇಕು. ಇದುವರೆಗೆ ಏಳು ಚೀಟಿಗಳು ಬಂದಿವೆ. ೫೪೦ ಎಂದು ಬರೆದವರು ಒಬ್ಬರೂ ಇಲ್ಲ. ಒಂದು ಚೀಟಿಯಲ್ಲಿ "೩೧೦. ಮರುದಿನ ಬೆರಳು ಮಡಚಲು ಆಗಲಿಲ್ಲ. ಯಾರಿಗೂ ಹೇಳಬೇಡಿ" ಎಂದಿದೆ.

ಇನ್ನೂ ಐದು ಬರಬೇಕು. ಸಮಿತಿಯ ಸಭೆ ಈ ತಿಂಗಳ ಎರಡನೆಯ ಭಾನುವಾರ ಸಂಜೆ ಐದಕ್ಕೆ. ಹನ್ನೆರಡು ಮಂದಿಯ ತಂದೆ ತಾಯಿಗಳೂ ದಯವಿಟ್ಟು ಬರಬೇಕು, ನನ್ನ ಗೆಳೆಯನೂ ಬರುತ್ತಾನೆ. ಶಿಫಾರಸು ಪತ್ರ ನನ್ನ ಕಪಾಟಿನಲ್ಲಿದೆ, ಸಹಿಯ ಜಾಗ ಖಾಲಿ ಇದೆ.